ತಟ್ಟೆಯಲ್ಲಿಟ್ಟು ಕೊಟ್ಟ ಗಾಡಿ

ಬಸವಂತಮ್ಮನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುತ್ತದೆ. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡವಳು ಅದನ್ನು ಕಿವಿಗೆ ಹಿಡಿಯುವುದಾದರೂ ಹೇಗೆ? ಕಿರುಬೆರಳಿನ ತುದಿಯಿಂದ ಒತ್ತುತ್ತಾಳೆ, ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸುತ್ತಾಳೆ, ರೊಟ್ಟಿ ಬಡಿಯುತ್ತಲೇ ಮಾತಾಡುತ್ತಾಳೆ. ಹೀಗಾಗಿ ರಾಯಚೂರಿನ ಗಂಜ್ ಹಿಂದಿನ ಓಣಿಯಲ್ಲಿ ಅವಳು ನಡೆಸುವ ರೊಟ್ಟಿ ಮನೆಯಲ್ಲಿ ಗುಟ್ಟು ಅನ್ನುವ ಪದಾರ್ಥವೇ ಇಲ್ಲ. ಅವಳಿಗೆ ಬಂದ ಸುದ್ದಿ ಒಲೆಯ ಮುಂದೆ ಕೂತ ಹೆಂಗಸರಿಗೆಲ್ಲ ಬಂದ ಸುದ್ದಿ.

ಆ ದಿನ ಬಂದದ್ದು ಒಂದು ಹುಡುಗಿಯ ದನಿ.

"ನೀವು ಬಸವಂತಮ್ಮನವರೇನ್ರಿ? ನಾನು ಕಾವ್ಯಾ ಅಂತ, ಗಾಡಿ ಶೋರೂಮಿನಿಂದ ಮಾತಾಡಾಕತ್ತೀನಿ. ನಿಮ್ಮ ಹೆಸರಿಲೆ ಒಂದು ಬೈಕ್ ಅದ ಅಲ್ರಿ?"

"ಕಂತು ಪೂರಾ ಮುಗಿಸೀನವ್ವಾ. ಏನೂ ಬಾಕಿ ಇಲ್ಲ," ಎಂದಳು ಬಸವಂತಮ್ಮ. ಆಕೆ ಕಂಡಂತೆ ಗಾಡಿಯ ಮಾತು ಎತ್ತಿ ಫೋನು ಮಾಡುವವರು ಕಂತಿನವರು ಮಾತ್ರ.

"ಕಂತಿನ ಮಾತಲ್ರಿ ಅಮ್ಮಾರ..."

"ಇಡಬೇ ಫೋನು!" ಪಕ್ಕದ ಒಲೆಯ ಮುನ್ನೀ ಬೀ ಗದರಿದಳು. "ಈಗ ನಂಬರ್ ಕೇಳ್ತಾಳ ನೋಡು. ಬ್ಯಾಂಕಿನಾಗ ಇದ್ದದ್ದೆಲ್ಲ ಬಳಕೊಂಡು ಹೋಗ್ತಾಳ."

"ಯಾವ ನಂಬರೂ ಕೇಳಂಗಿಲ್ರಿ ಚಾಚಿ," ಎಂದು ಆ ಹುಡುಗಿ ನಕ್ಕಳು. ನಕ್ಕದ್ದಕ್ಕೇ ಇರಬೇಕು, ಬಸವಂತಮ್ಮ ಫೋನು ಇಡಲಿಲ್ಲ. "ನಿಮ್ಮ ಗಾಡಿ ಜೋಡಿ ತಯಾರಾದ ಗಾಡಿ ಎಲ್ಲಾ ಕಂಪನಿಯವರು ವಾಪಸ್ ಕರಿಯಾಕತ್ತಾರ್ರಿ. ಮುಂದಿನ ಬ್ರೇಕಿಗೆ ಎಣ್ಣಿ ಹೋಗೋ ಪೈಪು ಅದ ಅಲ್ರಿ, ಅದು ಹ್ಯಾಂಡಲ್ ತಿರುವಿದಾಗೆಲ್ಲ ತಿಕ್ಕಿ ತಿಕ್ಕಿ ಸೀಳತದ. ಸೀಳಿದ್ರ ಬ್ರೇಕ್ ಹಿಡಿಯಂಗಿಲ್ಲ. ಪುಕಟ್ ಬದಲು ಮಾಡಿ ಕೊಡ್ತೀವಿ. ಅಲ್ಲೀತನಕ ಗಾಡಿ ಭಾಳ ಓಡಸಬ್ಯಾಡ್ರಿ."

ಬಸವಂತಮ್ಮನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಕೆಳಗಿಳಿದು, ಅಂಚಿನಲ್ಲಿ ಕರ್ರಗಾಗತೊಡಗಿತು. ಬ್ರೇಕು ಅವಳ ತಲೆಗೆ ಇನ್ನೂ ಹೋಗಿರಲಿಲ್ಲ. ಹೋಗಿದ್ದು "ವಾಪಸ್" ಎಂಬ ಮಾತು.

ಆ ಗಾಡಿ ಇದ್ದದ್ದು ಮಸರಕಲ್ಲಿನಲ್ಲಿ, ಅಳಿಯ ಮೌನೇಶನ ಬಳಿ. ಹೋದ ವರ್ಷ ಮಗಳು ಸ್ವಪ್ನಾಳ ಮದುವೆಯಲ್ಲಿ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ಅರಿಶಿಣದ ಕೊಂಬು ಇಟ್ಟು, ನಡುವೆ ಅದರ ಚಾವಿ ಇಟ್ಟು ಅಳಿಯನ ಕೈಗೆ ಕೊಟ್ಟಿದ್ದಳು. ಕಾಗದಪತ್ರ ಬಸವಂತಮ್ಮನ ಹೆಸರಿನಲ್ಲೇ ಉಳಿದುಬಿಟ್ಟಿತ್ತು. ಕೊಂಡವಳು ಅವಳು, ಹೆಸರು ಬದಲಿಸುವ ಓಡಾಟಕ್ಕೆ ಪುರುಸೊತ್ತಿದ್ದವರು ಯಾರೂ ಇರಲಿಲ್ಲ. ತಟ್ಟೆಯಲ್ಲಿಟ್ಟು ಕೊಟ್ಟದ್ದನ್ನು ವಾಪಸ್ ಕೇಳಬಾರದು. ಕೊಟ್ಟ ಮನೆಗೂ ಒಳ್ಳೆಯದಲ್ಲ, ಇಸಕೊಂಡ ಮನೆಗೂ ಒಳ್ಳೆಯದಲ್ಲ. ಇದು ಯಾವ ಶಾಸ್ತ್ರದಲ್ಲಿ ಇದೆಯೋ ಗೊತ್ತಿಲ್ಲ, ಬೀಗತಿ ಮಾನಮ್ಮನ ಬಾಯಲ್ಲಂತೂ ಇದೆ. ಮದುವೆಯ ದಿನ ಕೊಟ್ಟ ತಾಮ್ರದ ಕೊಡಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು ನೋಡಿ, "ತಗಡು ತೆಳ್ಳಗದ" ಎಂದು ನಾಲ್ಕು ಜನರ ಮುಂದೆ ಹೇಳಿದ ಹೆಂಗಸು ಆಕೆ.

"ನಿಂದೇನು ತಪ್ಪದ ಅದರಾಗ? ತಪ್ಪು ಕಂಪನಿದು," ಎಂದಳು ಮುನ್ನೀ ಬೀ. "ಫೋನ್ ಹಚ್ಚಿ ಹೇಳಿಬಿಡು."

"ಮಾನಮ್ಮಗ ಕಂಪನಿ ಯಾರು? ಆಕಿ ಪಾಲಿಗೆ ನಾನಾ ಕಂಪನಿ."

ಅದು ಸುಳ್ಳಾಗಿರಲಿಲ್ಲ.

ಮರುದಿನ ಬಸವಂತಮ್ಮ ಮಸರಕಲ್ಲಿಗೆ ಫೋನು ಹಚ್ಚಿ ಮೌನೇಶನಿಗೆ ಬೇರೆಯದೇ ಮಾತು ಹೇಳಿದಳು. ದೇವಸುಗೂರಿನ ಸೂಗೂರೇಶ್ವರನಿಗೆ ಹರಕೆ ಹೊತ್ತಿದ್ದಳಂತೆ. ಅಳಿಯನಿಗೆ ಕೊಟ್ಟ ಗಾಡಿಯನ್ನು ಗುಡಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸುತ್ತೇನೆ ಎಂದಿದ್ದಳಂತೆ. ಮರೆತೇಬಿಟ್ಟಿದ್ದಳಂತೆ. ಮೊನ್ನೆ ಕನಸಿನಲ್ಲಿ ಬಂದು ನೆನಪು ಮಾಡಿದನಂತೆ.

"ದೇವ್ರು ಗಾಡಿ ನಂಬರೂ ಹೇಳಿದ್ನೇನ್ರಿ ಅತ್ತಿ?" ಎಂದು ಮೌನೇಶ ನಕ್ಕ. ದೇವದುರ್ಗದ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಸಾವಕಾಶದ ಮನುಷ್ಯ, ಸಿಟ್ಟು ಬಂದರೂ ನಗುತ್ತಲೇ ಮಾತಾಡುವ ಜಾತಿ. "ಆತು, ಸೋಮವಾರ ಬರ್ತೀವಿ. ದೇವ್ರ ಮಾತು ಮೀರಾಕ ಬರತದೇನು."

ಲೆಕ್ಕಾಚಾರ ಇಷ್ಟೇ. ಪೂಜೆ ಮುಗಿಸಿ ಮನೆಗೆ ಬರುತ್ತಾರೆ. ಹೋಳಿಗೆ ಊಟ ಉಂಡು ಅಳಿಯ ಮಲಗುತ್ತಾನೆ. ಮುನ್ನೀ ಬೀಯ ಗಂಡ ಮೀರಾಹುಸೇನ, "ತೊಳಸ್ಕೊಂಡು ಬರ್ತೀನಿ" ಎಂದು ಗಾಡಿ ಒಯ್ದು, ಶೋರೂಮಿನಲ್ಲಿ ಪೈಪು ಹಾಕಿಸಿಕೊಂಡು ಬರುತ್ತಾನೆ. ಯಾರಿಗೂ ತಿಳಿಯುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ.

ಒಂದು ಮಾತು ಮಾತ್ರ ಬಸವಂತಮ್ಮನಿಗೆ ಹೊಳೆದದ್ದು ಭಾನುವಾರ ಸಂಜೆ ಬೇಳೆ ಕುದಿಸುವಾಗ. ಓಡಿಸಬೇಡಿ ಎಂದ ಗಾಡಿಯ ಮೇಲೆ ಅವರು ಮಸರಕಲ್ಲಿನಿಂದ ಗಬ್ಬೂರು ದಾಟಿ ರಾಯಚೂರಿಗೆ, ಅಲ್ಲಿಂದ ದೇವಸುಗೂರಿಗೆ ಬರಬೇಕು. ಹಿಂದಿನ ಸೀಟಿನಲ್ಲಿ ಮಗಳು. ಬಸ್ಸಿಗೆ ಬನ್ನಿ ಎನ್ನುವಂತಿಲ್ಲ. ಹರಕೆ ಇದ್ದದ್ದೇ ಗಾಡಿಯದು.

ಸೋಮವಾರ ಅವಳು ಎಲ್ಲರಿಗಿಂತ ಮೊದಲು ದೇವಸುಗೂರಿಗೆ ಬಸ್ಸಿನಲ್ಲಿ ಹೋಗಿ ಗುಡಿಯ ಕಟ್ಟೆಯ ಮೇಲೆ ಕೂತಳು. "ಯಪ್ಪಾ ಸೂಗೂರಯ್ಯಾ," ಎಂದಳು ಒಳಗೊಳಗೇ, "ನಿನ್ನ ಹೆಸರಿಲೆ ಸುಳ್ಳು ಹೇಳೀನಿ. ಆ ಶಿಕ್ಷಾ ನನಗಾ ಕೊಡು. ಅವರು ಬಂದು ಮುಟ್ಟೋತನಕ ಬ್ರೇಕ್ ನೀನಾ ಹಿಡಿ."

ಬಂದು ಮುಟ್ಟಿದರು. ಸ್ವಪ್ನಾ ಇಳಿದು ಸೆರಗಿನ ಧೂಳು ಝಾಡಿಸಿಕೊಂಡು, "ಏನಬೇ, ಹಿಂಗ ಬೆವತಿ? ನಾವು ಗಾಡಿ ಮ್ಯಾಲೆ ಬಂದ್ರ ನಿನಗ ಸುಸ್ತಾಗೇದ?" ಎಂದಳು. ಬಸವಂತಮ್ಮ ಮಗಳ ಕೈ ಹಿಡಿದುಕೊಂಡವಳು ಪೂಜೆ ಮುಗಿಯುವವರೆಗೂ ಬಿಡಲಿಲ್ಲ.

ಅಲ್ಲಿಂದ ಮುಂದಿನದೆಲ್ಲ ಅಂದುಕೊಂಡಂತೆಯೇ ನಡೆಯಿತು, ಶೋರೂಮಿನ ಬಾಗಿಲತನಕ. ಅಳಿಯ ಉಂಡ, ರೊಟ್ಟಿ ಮನೆಯ ಒಳಕೋಣೆಯಲ್ಲಿ ಮಲಗಿದ. ಮೀರಾಹುಸೇನ ಗಾಡಿ ಒಯ್ದ. ಸ್ವಲ್ಪ ಹೊತ್ತಿಗೆ ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನು ಹೊಡೆದುಕೊಂಡಿತು. ಬಸವಂತಮ್ಮ ಅಭ್ಯಾಸಬಲದಿಂದ ಕಿರುಬೆರಳಿನಲ್ಲಿ ಒತ್ತಿದಳು.

"ಅಮ್ಮಾರ, ಕಾವ್ಯಾ ರೀ. ಗಾಡಿ ಬಂತು. ಖರೇ ಅಂದ್ರ ಪೈಪಿನ ಸ್ಟಾಕ್ ಮುಗದದ್ರಿ, ವಾರ ಹಿಡೀತದ. ನೀವು ಗಾಡಿ ಇಲ್ಲೇ ಬಿಡ್ರಿ. ಅದನ್ನ ಓಡಸಬ್ಯಾಡ್ರಿ ಅಂತ ಮೊನ್ನೆನಾ ಹೇಳಿದ್ದೆ ಅಲ್ರಿ? ಬ್ರೇಕ್ ಫೇಲ್ ಆಗೋ ಗಾಡಿ ಅದು."

ಹಿಟ್ಟಿನ ಕೈಯಲ್ಲಿ ಫೋನು ಆರಿಸಲು ಹೋಗಿ ಅದು ಜಾರಿ ಬಿತ್ತು. ಬಿದ್ದಲ್ಲಿಂದಲೂ, "ಅಮ್ಮಾರ? ಕೇಳಸಾಕತ್ತದೇನ್ರಿ?" ಎನ್ನುತ್ತಲೇ ಇತ್ತು. ಬಾಗಿಲಲ್ಲಿ ಮೌನೇಶ ನಿಂತಿದ್ದ. ನಿದ್ದೆಗಣ್ಣು, ಆದರೂ ನಗು.

"ಅಂದ್ರ ನಿಮಗ ಮೊದಲಾ ಗೊತ್ತಿತ್ತು, ಅತ್ತಿ."

"ಹಾಂಗಲ್ಲಪಾ, ನಾ ಏನಂದ್ರ..."

ಅವನು ತಾಯಿಗೆ ಫೋನು ಹಚ್ಚಿ, ಅತ್ತೆಯ ಮನೆಯ ಪದ್ಧತಿಯಂತೆಯೇ ಸ್ಪೀಕರ್ ಹಾಕಿದ. ಮಾನಮ್ಮನ ದನಿ ರೊಟ್ಟಿ ಮನೆಯ ತುಂಬ ಹರಡಿತು.

"ನನ್ನ ಮಗನ್ನ ಕೊಲ್ಲಾಕ ಕೊಟ್ಟಿದ್ದಳೇನು ಆ ಗಾಡಿ? ಮ್ಯಾಲೆ ದೇವ್ರ ಹೆಸರು ಬ್ಯಾರೆ! ಕೊಡ ನೋಡಿದಾಗಾ ನನಗ ತಿಳದಿತ್ತು ಇವರ ಕೈಗುಣ. ತಟ್ಟಿಯಾಗ ಇಟ್ಟು ಕೊಟ್ಟದ್ದು ವಾಪಸ್ ಇಸಕೋತಾಳಾ? ಇಸಕೊಳ್ಳಲಿ. ಹಾಂಗಾದ್ರ ಮಗಳನ್ನೂ ಇಸಕೊಳ್ಳಲಿ. ನೀ ಒಬ್ಬನಾ ಬಾ."

ಮೌನೇಶ ಶೋರೂಮಿಗೆ ಹೋಗಿ, ಏನಾದರೂ ಆದರೆ ನನ್ನ ಜವಾಬ್ದಾರಿ ಎಂದು ಸಹಿ ಹಾಕಿ, ಗಾಡಿ ಬಿಡಿಸಿಕೊಂಡು ಒಬ್ಬನೇ ಹೋದ. ಹೋಗುವ ಮುನ್ನ ಹೆಂಡತಿಯ ಚೀಲವನ್ನು ರೊಟ್ಟಿ ಮನೆಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, "ಹೊಸಾ ಗಾಡಿ ಕೊಡಸ್ರಿ ಅತ್ತಿ, ಬಂದು ಕರ್ಕೊಂಡು ಹೋಗ್ತೀನಿ. ಈ ಸಲ ನೋಡಿ ಕೊಡಸ್ರಿ," ಎಂದ. ಒದರಲಿಲ್ಲ, ಬೈಯಲಿಲ್ಲ. ಒದರಿದ್ದರೆ ಚೆನ್ನಾಗಿತ್ತು. ಒದರಿದವರ ಕೂಡ ಜಗಳವನ್ನಾದರೂ ಆಡಬಹುದು.

ಸ್ವಪ್ನಾ ಚೀಲ ಒಳಗೆ ತಂದಿಟ್ಟಳು. ಆಮೇಲೆ ಕೇಳಿದಳು: "ನನಗರ ಹೇಳಬೇಕಿಲ್ಲೇನು?"

"ನಿನಗ ಹೇಳಿದ್ರ ನೀ ಹೋಗಿ ಅವಗ ಹೇಳತಿದ್ದಿ."

"ಹೇಳತಿದ್ದೆ. ಹಿಂದ ಕುಂತು ಬಂದಾಕಿ ನಾನು, ಯವ್ವಾ."

ಬಸವಂತಮ್ಮ ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬತೊಡಗಿದಳು.

ಮರುದಿನದಿಂದ ಸ್ವಪ್ನಾಳೂ ಒಲೆಯ ಮುಂದೆ ಕೂತಳು. ಮೊದಮೊದಲು, "ಏನವ್ವಾ, ತವರಿಗೆ ಬಂದಿ?" ಎಂದು ಕೇಳಿದ ಓಣಿಯವರು ಆಮೇಲಾಮೇಲೆ, "ಇನ್ನಾ ಇಲ್ಲೇ ಅದೀ?" ಎಂದು ಕೇಳತೊಡಗಿದರು. ಎರಡೂ ಪ್ರಶ್ನೆ ಒಂದೇ, ನಡುವೆ ಹೋದ ದಿನಗಳಷ್ಟೇ ಬೇರೆ. ಬಸವಂತಮ್ಮ ಮಾತ್ರ ಇತ್ತೀಚೆಗೆ ಫೋನು ಬಂದರೆ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಹಿತ್ತಲಿಗೆ ಹೋಗಿ ಮಾತಾಡಿ ಬರುತ್ತಿದ್ದಳು. ಯಾರು ಎಂದರೆ, "ಹಿಟ್ಟಿನ ಗಿರಣಿಯವ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಮಾನ್ವಿಯಿಂದ ಕರೆ ಬಂತು. ಗುರುತಿಲ್ಲದ ನಂಬರು, ಹಾಗಾಗಿ ಸ್ಪೀಕರು.

"ಅಮ್ಮಾ, ಸಲಾಂ. ನಾನು ಖಾಸಿಂ ಸಾಬ್, ಮಾನ್ವಿಯಾಗ ಚಾದರದ ವ್ಯಾಪಾರ. ನಿಮ್ಮ ಅಳಿಯ ಮೌನೇಶಪ್ಪನ ಗಾಡಿ ನಾನು ತಗೊಂಡೀನಿ. ಕಾಗದ ನಿಮ್ಮ ಹೆಸರಿಲೆ ಅದಾವಂತ. ಒಂದು ಸಹಿ ಬೇಕಿತ್ತು."

ಒಲೆಗಳ ಮುಂದಿನ ಪಟಪಟ ಸದ್ದು ಒಮ್ಮೆಲೇ ನಿಂತಿತು.

"ಗಾಡಿ ಮಾರ್ಯಾನ?" ಎಂದಳು ಬಸವಂತಮ್ಮ. "ಬ್ರೇಕಿಂದು ಹೇಳ್ಯಾನೇನ್ರಿ ನಿಮಗ?"

"ಯಾವ ಬ್ರೇಕು?"

"ಅಯ್ಯ ನನ್ನಪ್ಪಾ, ಗಾಡಿ ತಗೊಂಡು ರಾಯಚೂರಿಗೆ ಬರ್ರಿ, ಶೋರೂಮಿಗೆ ವಾಪಸ್..."

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಅದೇ ವಾರ ಕಾವ್ಯಾ ಫೋನು ಮಾಡಿ ಪೈಪು ಬಂದಿದೆ ಎಂದಳು. ಮತ್ತೆ ಮಾನ್ವಿಗೆ ಹಚ್ಚಿದರು, ಸ್ವಿಚ್ ಆಫ್.

"ಬಿಡಬೇ ಅತ್ಲಾಗ," ಎಂದಳು ಮುನ್ನೀ ಬೀ. "ಮಾರಿದವ ಉಂಟು, ಕೊಂಡವ ಉಂಟು."

"ಹೆಂಗ ಬಿಡೂದು ಚಾಚಿ?" ಸ್ವಪ್ನಾ ಕೈಯ ಹಿಟ್ಟು ಕೆರೆಯುತ್ತ ಎದ್ದಳು. "ಅವರ ಹಿಂದಿನ ಸೀಟಿಗೂ ಯಾರರ ಕುಂದರತಾರ ಅಲ್ಲ? ಏಳು ಯವ್ವಾ, ಮಾನ್ವಿಗೆ ಹೋಗೂಣು."

ಖಾಸಿಂ ಸಾಬನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಳ್ಳಿ ಹಳ್ಳಿಗೆ ಚಾದರ, ನೈಟಿ ಮಾರುತ್ತ ತಿರುಗುವವನನ್ನು ಮಾನ್ವಿಯ ಬಸ್ ನಿಲ್ದಾಣದಲ್ಲಿ ಎಲ್ಲರೂ ಬಲ್ಲರು. ಬಾಗಿಲು ತೆಗೆದವಳು ಅವನ ಹೆಂಡತಿ ಖುರ್ಷೀದ್ ಬೇಗಂ.

"ಗಾಡಿ ಇಲ್ಲ. ಸಿಂಧನೂರಿಗೆ ಹೋಗೇದ," ಎಂದಳು, ಯಾರೂ ಗಾಡಿಯ ಸುದ್ದಿ ಎತ್ತುವ ಮೊದಲೇ.

ಅವಳ ಬೆನ್ನಹಿಂದೆ ನಡುಮನೆಯಲ್ಲಿ ದೊಡ್ಡದೊಂದು ಹೂವಿನ ಚಾದರ ಏನನ್ನೋ ಹೊದ್ದು ನಿಂತಿತ್ತು. ಸ್ವಪ್ನಾ ಇಣುಕಿ, "ಚಾದರಕ್ಕ ಎರಡು ಕನ್ನಡಿ ಮೂಡ್ಯಾವ ನೋಡ್ರಿ ಚಾಚಿ," ಎಂದಳು.

ಒಳಗಿನಿಂದ ಖಾಸಿಂ ಸಾಬ್ ಬಂದ. ಗಡ್ಡ ನೆರೆತ, ದನಿ ಮೆತ್ತಗಿನ ಮನುಷ್ಯ. ಮೆತ್ತಗಿಲ್ಲದವಳು ಹೆಂಡತಿ. "ಅಳಿಯ ಮಾರ್ತಾನ, ಅತ್ತಿ ವಾಪಸ್ ಕೇಳಾಕ ಬರ್ತಾಳ! ಚಲೋ ಧಂದಾ ಹಚ್ಚೀರಿ ಬಿಡ್ರಿ ಇಬ್ಬರೂ ಕೂಡಿ. ಕಾಗದ ನಿಮ್ಮ ಹೆಸರಿಲೆ ಅದಾವಂತ ಗಾಡಿ ಎತ್ತಕೊಂಡು ಹೋಗಾಕ ಬಂದೀರಾ?"

ವಾಪಸ್ ಕೇಳಬಾರದು ಎಂದು ಅಷ್ಟೆಲ್ಲ ಸುಳ್ಳು ಕಟ್ಟಿದವಳು ಈಗ ಯಾರದೋ ಹೊಸ್ತಿಲಲ್ಲಿ ವಾಪಸ್ ಕೇಳಲು ಬಂದವಳಾಗಿ ನಿಂತಿದ್ದಳು. ಮಾತಾಡಿದ್ದು ಸ್ವಪ್ನಾ. ಕಂಪನಿಯ ಕರೆ, ಪೈಪು, ಬ್ರೇಕು, ಗಂಡ ಸಹಿ ಹಾಕಿ ಬಿಡಿಸಿಕೊಂಡು ಹೋದದ್ದು, ಒಂದನ್ನೂ ಮುಚ್ಚಿಡದೆ ಹೇಳಿದಳು.

ಖಾಸಿಂ ಸಾಬ್ ಗಡ್ಡ ಕೆರೆದುಕೊಂಡ. "ಮುಂದಿನ ಬ್ರೇಕು ಇತ್ತಿತ್ಲಾಗ ಮೆತ್ತಗ ಆಗೇದ, ಖರೆ. ನಾ ಹಿಂದಿಂದಾ ಹಿಡ್ಯಾಕತ್ತೀನಿ."

"ಕೈಕು ನೈ ಬೋಲೇ ಜೀ?" ಖುರ್ಷೀದ್ ಬೇಗಂ ಗಂಡನತ್ತ ತಿರುಗಿದಳು. "ನನ್ನನ್ನ ಹಿಂದ ಕುಂದರಸ್ಕೊಂಡು ಕಲ್ಲೂರಿಗೆ ಹೋಗಿ ಬಂದಿ, ಒಂದು ಮಾತು ಹೇಳಲಿಲ್ಲ?"

ಸ್ವಪ್ನಾಗೆ ನಗು ಬಂತು. ಅಷ್ಟು ದಿನಗಳಲ್ಲಿ ಅದೇ ಮೊದಲು.

"ನಾನು ಕೇಳಿದ್ದೆವ್ವಾ ನಿನ್ನ ಗಂಡಗ," ಎಂದ ಖಾಸಿಂ ಸಾಬ್. "ಹೊಸಾ ಗಾಡಿ ಇಷ್ಟು ಕಮ್ಮಿ ರೊಕ್ಕಕ್ಕ ಯಾಕ ಮಾರ್ತಿ ಅಂತ. 'ಅತ್ತಿ ಇದಕ್ಕಿಂತ ದೊಡ್ಡದು ಕೊಡಸಾಕತ್ಯಾಳ, ಮಾತಾಗೇದ' ಅಂದ."

ಸ್ವಪ್ನಾಳ ನಗು ಅಲ್ಲೇ ನಿಂತಿತು. ತಾಯಿಯತ್ತ ನೋಡಿದಳು. "ಹಿಟ್ಟಿನ ಗಿರಣಿಯವ?"

"ಬಾಯಿ ಮಾತಿಗೆ ಅಂದಿದ್ದೆ," ಎಂದಳು ಬಸವಂತಮ್ಮ, ಚಾದರದ ಹೂವು ನೋಡುತ್ತ.

ಗಾಡಿಯನ್ನು ಓಡಿಸಿಕೊಂಡು ಬರಬೇಡಿ, ನಮ್ಮ ಟೆಂಪೊ ಕಳಿಸುತ್ತೇವೆ, ಅದಕ್ಕೂ ದುಡ್ಡಿಲ್ಲ ಎಂದಳು ಕಾವ್ಯಾ ಫೋನಿನಲ್ಲಿ. ಅದೇ ಟೆಂಪೊದಲ್ಲಿ ಗಾಡಿ, ಖಾಸಿಂ ಸಾಬ್, ತಾಯಿ ಮಗಳು ಎಲ್ಲ ರಾಯಚೂರಿಗೆ ಬಂದರು. ಕಾವ್ಯಾ ಎದುರಿಗೆ ಬಂದು ನೀರು ಕೊಟ್ಟಳು. ಫೋನಿನಲ್ಲಿ ಕೇಳಿದ್ದಕ್ಕಿಂತ ಸಣ್ಣ ಹುಡುಗಿ.

"ಈ ಟೆಂಪೊ ಮಸರಕಲ್ಲಿಗೂ ಬರತಿತ್ತೇನವ್ವಾ?" ಬಸವಂತಮ್ಮ ಕೇಳಿದಳು.

"ಬರದಾ ಏನ್ರಿ? ನೀವು ಒಂದು ಮಾತು ಕೇಳಿದ್ರ ಮನಿ ಬಾಗಿಲಿಗೇ ಕಳಸ್ತಿದ್ವಿ. ಕಂಪನಿ ತಪ್ಪು ಅಂತ ಚೀಟಿನೂ ಬರಕೊಡ್ತಿದ್ವಿ."

ಬಸವಂತಮ್ಮ ನೀರಿನ ಲೋಟವನ್ನು ಕುಡಿಯದೆಯೇ ಕೆಳಗಿಟ್ಟಳು.

ಕೆಲಸ ಮುಗಿಯಲು ಒಂದು ಚಹಾ ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಮೆಕ್ಯಾನಿಕ್ಕು ಬಿಚ್ಚಿದ ಹಳೆಯ ಪೈಪನ್ನು ತಂದು ತೋರಿಸಿದ. ಬೆರಳಿಗಿಂತ ಸಣ್ಣದು, ಕರ್ರಗಿನದು. ಬಗ್ಗಿಸಿದರೆ ಒಂದು ಕಡೆ ಉಗುರಿನಿಂದ ಗೀರಿದಷ್ಟು ಸೀಳು, ಅದರಿಂದ ಎಣ್ಣೆ ಜಿನುಗುತ್ತಿತ್ತು. "ಇದು ಇವತ್ತು ನಿನ್ನೆ ಸೀಳಿದ್ದಲ್ಲ. ನಿಮ್ಮ ನಸೀಬು ಚಲೋ ಇತ್ತು," ಎಂದ ಅವನು, ಯಾರನ್ನೂ ನಿರ್ದಿಷ್ಟವಾಗಿ ನೋಡದೆ. ಖಾಸಿಂ ಸಾಬ್ ಮೇಲಕ್ಕೆ ಕೈ ಎತ್ತಿದ. ಬಸವಂತಮ್ಮ ಆ ಪೈಪನ್ನು ಇಸಕೊಂಡು ಸೀಳಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ದೇವಸುಗೂರಿನ ಕಟ್ಟೆ, ಮಗಳ ಸೆರಗಿನ ಧೂಳು ಅವಳ ಕಣ್ಣ ಮುಂದೆ ಬಂದಿರಬೇಕು.

ಖಾಸಿಂ ಸಾಬನಿಗೆ ಬೇಕಾದ ಸಹಿ ಹಾಕಿಕೊಟ್ಟಳು. ಅವನು ಹೋಗುವಾಗ ಚೀಲದಿಂದ ಒಂದು ಚಾದರ ತೆಗೆದು ಸ್ವಪ್ನಾಳ ಕೈಗಿಟ್ಟ. "ನಕ್ಕೋ ಚಾಚಾ, ಬ್ಯಾಡ," ಎಂದರೂ ಕೇಳಲಿಲ್ಲ.

ಸ್ವಪ್ನಾ ತಿರುಗಿ ನೋಡಿದರೆ ತಾಯಿ ಪಕ್ಕದಲ್ಲಿಲ್ಲ. ಹೊಸ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ ಕಡೆ ಹೋಗಿದ್ದಳು. ಒಂದು ಕೆಂಪು ಗಾಡಿಯ ಮುಂದಿನ ಚಕ್ರದ ಹತ್ತಿರ ಬಗ್ಗಿ, ಆ ಗಾಡಿಯ ಪೈಪನ್ನು ಎರಡು ಬೆರಳಿನಿಂದ ಹಿಚುಕಿ ನೋಡುತ್ತಿದ್ದಳು. ಹಳೆಯ ಪೈಪು ಇನ್ನೂ ಅವಳ ಇನ್ನೊಂದು ಕೈಯಲ್ಲೇ ಇತ್ತು.

"ಏನು ನೋಡಾಕತ್ತಿ?"

"ಏನಿಲ್ಲ. ಸುಮ್ಮ."

ಸುದ್ದಿ ಹೇಗೆ ಹೋಯಿತೋ, ಖಾಸಿಂ ಸಾಬನೇ ಸಂತೋಷದಲ್ಲಿ ಹೇಳಿರಬೇಕು. ಎರಡು ದಿನ ಬಿಟ್ಟು, ಬೆಳಗಿನ ರೊಟ್ಟಿಯ ಗದ್ದಲದಲ್ಲಿ ಮೌನೇಶನ ಫೋನು ಬಂತು. ಬಸವಂತಮ್ಮ ಕೈ ತೊಳೆಯಲು ಏಳುವ ಮೊದಲೇ ಸ್ವಪ್ನಾ ಕಿರುಬೆರಳು ಚಾಚಿ ಒತ್ತಿದಳು. ಸ್ಪೀಕರು.

"ಅತ್ತಿ, ಏನ್ರಿ, ಗಾಡಿ ಪುಕಟ್ ರಿಪೇರಿ ಆತಂತಲ್ಲ?" ನಗು ಹಾಗೇ ಇತ್ತು. "ನಾ ಅದನ್ನ ಕೆಟ್ಟ ಗಾಡಿ ಅಂತ ತಿಳದು ಅರ್ಧಾ ರೇಟಿಗೆ ಕೊಟ್ಟುಬಿಟ್ಟೆ. ಈಗ ನೋಡಿದ್ರ ಅದು ಚಲೋ ಗಾಡಿ ಆತು. ನನಗಾದ ಲುಕ್ಸಾನು ಯಾರು ತುಂಬಬೇಕು? ಅವ್ವ ಹೇಳಾಕತ್ಯಾಳ, ಹೊಸಾದರ ಕೂಡ ಅದನ್ನೂ ಸೇರಸ್ರಿ ಅಂತ."

"ಅರ್ರೆ!" ಎಂದಳು ಮುನ್ನೀ ಬೀ. "ಬ್ರೇಕ್ ಇಲ್ಲದ್ದು ಗಾಡಿಗಲ್ಲ ಬಿಡು, ನಿನ್ನ ಅಳಿಯನ ನಾಲಿಗಿಗೆ!"

ಒಲೆಗಳ ಮುಂದಿನ ಹೆಂಗಸರೆಲ್ಲ ನಕ್ಕರು. ಬಸವಂತಮ್ಮ ನಗಲಿಲ್ಲ. ಫೋನಿನತ್ತ ಬಗ್ಗಿ, ಮೆಲ್ಲಗೆ, "ಆತಪಾ, ನೋಡೂಣಂತ. ಸಿಟ್ಟಾಗಬ್ಯಾಡ..." ಎಂದಳು.

ಸ್ವಪ್ನಾ ಹಿಟ್ಟಿನ ಬೆರಳಿನಿಂದಲೇ ಕರೆ ಕಟ್ಟು ಮಾಡಿದಳು.

"ಯಾಕ ಇಟ್ಟಿ? ಅಂವ ಏನು ತಿಳಕೊಳ್ಳಲಿಕ್ಕಿಲ್ಲ!"

"ಯವ್ವಾ," ಎಂದಳು ಸ್ವಪ್ನಾ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎಲ್ಲಿಯ ಕಂಪನಿ, ನಮ್ಮ ಮುಖಾನೂ ನೋಡಿಲ್ಲ ಅವರು. ಕಳಿಸಿದ್ದು ತಪ್ಪಾಗೇದ ಅಂತ ಗೊತ್ತಾದ ಕೂಡಲೇ ಫೋನ್ ಮ್ಯಾಲೆ ಫೋನ್ ಮಾಡಿ ವಾಪಸ್ ಕರದ್ರು. ನೀ ನನ್ನ ಯಾವಾಗ ವಾಪಸ್ ಕರೀತಿ?"

ಬಸವಂತಮ್ಮ ಮಗಳ ಮುಖ ನೋಡಿದಳು. ಆಮೇಲೆ ಎದ್ದು ಕೈ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡಳು. ಫೋನಿಗೆ ಮೆತ್ತಿದ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆದು, ಅದನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಹಿತ್ತಲ ಬಾಗಿಲು ಮುಚ್ಚಿಕೊಂಡಿತು. ಆದರೆ ಆಕೆ ಸ್ಪೀಕರು ಆರಿಸಲು ಮರೆತಿದ್ದಳು. ಮಸರಕಲ್ಲಿನಲ್ಲಿ ಮೌನೇಶನ ಫೋನು ಹೊಡೆದುಕೊಳ್ಳುವುದು ರೊಟ್ಟಿ ಮನೆಗೆಲ್ಲ ಕೇಳುತ್ತಿತ್ತು. ಹೊಡೆದುಕೊಂಡು ನಿಂತಿತು. ಮತ್ತೆ ಹೊಡೆದುಕೊಳ್ಳತೊಡಗಿತು.